ಗೋಡೆ ಹಿಡಿದು ನಡೆದ ಸುಮನಾ

ದುರ್ಗಿಗುಡಿಯ ಹಳೇ ಮನೆಗಳಲ್ಲಿ ಮಹಡಿ ಎಂದರೆ ಮರದ್ದೇ. ಮೂರ್ತಪ್ಪನವರ ಮನೆಯಲ್ಲೂ ಅಷ್ಟೆ: ಮೇಲೆ ಹಲಗೆ, ಅದರಡಿ ಸಾಲು ಜಂತೆ. ಹಾಲ್ ದೊಡ್ಡದಾಗಲೆಂದು ಅವರು ನಡುವಿನ ಗೋಡೆ ಒಡೆಸಿ, ಭದ್ರಾವತಿಯಿಂದ ಉಕ್ಕಿನ ಬೀಮು ತರಿಸಿ ಜಂತೆಗಳ ಕೆಳಗೆ ಕೂರಿಸಿದರು. ಬೀಮಿಗೂ ಜಂತೆಗಳಿಗೂ ನಡುವೆ ಸಂದು ಉಳಿಯಿತು. ಅದಕ್ಕೆ ಅಡಿಕೆ ಮರ ಸೀಳಿದ ದಬ್ಬೆಯ ಚಕ್ಕೆ ತುರುಕಿಸಿದರು.

“ಎಂಜಿನಿಯರ್‌ಗೆ ಒಂದ್ಸಲ ತೋರಿಸ್ರೀ,” ಎಂದರು ಹೆಂಡತಿ ಹೂವಮ್ಮ.

“ಕಾರ್ಖಾನೇಲಿ ಕಬ್ಬಿಣದ ಜತೆ ಬದುಕಿದವನಿಗೆ ಎಂಜಿನಿಯರ್ ಬೇಕೇನೆ ಮಾರಾಯ್ತಿ? ಆನೆ ಕುಣಿದ್ರೂ ಬಾಗಲ್ಲ ಅದು!”

ಮಹಡಿಯ ಬಾಡಿಗೆಯ ಹುಡುಗಿ ಸುಮನಾ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಈಚೆಗೆ ಅವರನ್ನು ಕೆಳಗೆ ಜಗುಲಿಯಲ್ಲೇ ಕೂರಿಸತೊಡಗಿದಳು. “ಇಲ್ಲಿ ಗಾಳಿ ಚೆನ್ನಾಗಿದೆ ಅಂಕಲ್,” ಎಂದು ನಗುತ್ತಿದ್ದಳು.

ಒಂದು ಭಾನುವಾರ ಮೂರ್ತಪ್ಪನವರ ತಮ್ಮನ ಮಗಳು ರಂಜಿನಿ ಬಂದಳು. ಮನೆ ಕಟ್ಟಿಸುವ ಎಂಜಿನಿಯರ್ ಅವಳು. ದೊಡ್ಡಪ್ಪ ಹೆಮ್ಮೆಯಿಂದ ಬೀಮು ತೋರಿಸಿದರು. ಅವಳು ಕುರ್ಚಿ ಹತ್ತಿ ಒಂದು ಚಕ್ಕೆ ಮುಟ್ಟಿದಳು. ಅದು ಕೈಗೇ ಬಂತು.

“ದೊಡ್ಡಪ್ಪ, ಬೀಮು ಗಟ್ಟಿ. ಆದ್ರೆ ಏನೂ ಹೊತ್ತಿಲ್ಲ, ಸುಮ್ನೆ ನೋಡ್ತಾ ನಿಂತಿದೆ. ಮೇಲೆ ನೆಲ ಅಲುಗಲ್ವಾ?”

“ಸುಮನಾ ಒಂದು ಮಾತೂ ಹೇಳಿಲ್ವಲ್ಲ!”

ಎಲ್ಲರೂ ಮೇಲೆ ಹೋದರು. ಮಂಚ, ಬೀರು, ನೀರಿನ ಕೊಡ, ಎಲ್ಲವೂ ಗೋಡೆಗೆ ಅಂಟಿಕೊಂಡಿದ್ದವು. ನಡುಕೋಣೆ ಖಾಲಿ. ಸುಮನಾ ಗೋಡೆ ಹಿಡಿದುಕೊಂಡೇ ಬಳಸಿ ಬಂದಳು.

“ನಡುವೆ ಕಾಲಿಟ್ರೆ ತೂಗಾಡುತ್ತೆ ಅಂಕಲ್. ಅಷ್ಟು ಖುಷಿಯಿಂದ ಎಲ್ರಿಗೂ ತೋರಿಸ್ತಿದ್ರಿ... ಹೇಳೋಕೆ ಮನಸ್ಸು ಬರ್ಲಿಲ್ಲ.”

ಮೂರ್ತಪ್ಪನವರ ತಲೆ ತಗ್ಗಿತು. ತಮ್ಮ ಜಂಬ ಉಳಿಯಲೆಂದು ಈ ಹುಡುಗಿ ದಿನವೂ ಜೀವ ಬಿಗಿಹಿಡಿದು ನಡೆದಿದ್ದಳು. ಜಗುಲಿಯ ಗಾಳಿಯ ಅರ್ಥ ಅವರಿಗೆ ಈಗ ಹೊಳೆಯಿತು.

“ತಪ್ಪು ನಂದು ತಾಯಿ,” ಎಂದರು. “ರಂಜಿನಿ, ಏನು ಮಾಡ್ಬೇಕು ಹೇಳು.”

“ಮೊದಲು ಜಂತೆಗಳಿಗೆ ಸದ್ಯಕ್ಕೆ ಗಟ್ಟಿ ಆಸರೆ ಕಂಬ ಕೊಡೋಣ. ಆಮೇಲೆ ಬೀಮಿನ ಮೇಲೆ ಉದ್ದಕ್ಕೂ ಮರದ ಪಟ್ಟಿ ಇಟ್ಟು ಬೋಲ್ಟ್ ಬಿಗೀಬೇಕು. ಪ್ರತಿ ಜಂತೆನೂ ಅದರ ಮೇಲೆ ಪೂರ್ತಿ ಕೂರ್ಬೇಕು, ಉಕ್ಕಿನ ಕ್ಲಾಂಪ್ ಹಾಕಿ ಸೇರಿಸ್ಬೇಕು. ಬೀಮಿನ ತುದಿ ಕೂತಿರೋ ಗೋಡೆಗಳನ್ನೂ ನೋಡ್ತೀನಿ.”

“ಅಲ್ಲೀವರೆಗೆ ಸುಮನಾ ನಮ್ಮ ಜತೆ ಕೆಳಗಿರ್ಲಿ,” ಎಂದರು ಹೂವಮ್ಮ. “ಮೇಲೆ ಬೇಕಾದ್ರೆ ನಿಮ್ಮ ಆನೆ ಮಲಗ್ಲಿ!”

ಕೆಲಸ ಮುಗಿದ ದಿನ ಸುಮನಾ ಕಾಫಿ ಹಿಡಿದು ನಡುಕೋಣೆಯಲ್ಲೇ ನೆಟ್ಟಗೆ ನಡೆದುಬಂದಳು. ನೆಲ ಅಲುಗಲಿಲ್ಲ. ಮೂರ್ತಪ್ಪ ಲೋಟ ತೆಗೆದುಕೊಂಡರು. ಅವಳ ಮುಖ ಮಾತ್ರ ನೋಡಲಾಗಲಿಲ್ಲ.

ಅಮ್ಮಂದಿರೇ, ಅಣ್ಣಂದಿರೇ, ಮರದ ಮಹಡಿಯ ಕೆಳಗಿನ ಗೋಡೆಗೆ ಸುತ್ತಿಗೆ ತಾಗಿಸುವ ಮುಂಚೆ ಎಂಜಿನಿಯರನ್ನು ಕರೆಸಿ. ಉಕ್ಕನ್ನೂ ಮರವನ್ನೂ ಬೋಲ್ಟಿನಿಂದ ಸೇರಿಸಿ, ಚಕ್ಕೆಯಿಂದಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ಗೋಡೆ ಹಿಡಿದು ನಡೆಯುತ್ತಿದ್ದಾರೆಯೇ? ಅವರು ಹೇಳಲಿ ಎಂದು ಕಾಯಬೇಡಿ. ಇಂದೇ ನೀವಾಗಿ ಕೇಳಿ.