ಟಗರಿನ ಪಾಲಿನ ಗುಳಿಗೆ

ಹಿರೇಹಡಗಲಿಯ ಕುರಿಗಾಹಿ ಅಜ್ಜಯ್ಯನ ಅಂಗಾಲಿಗೆ ಜಾಲಿಮುಳ್ಳು ನಟ್ಟು ಕೀವಾಗಿತ್ತು. ಡಾಕ್ಟರು ಮುಳ್ಳು ತೆಗೆದು ಆ್ಯಂಟಿಬಯೋಟಿಕ್ ಗುಳಿಗೆ ಕೊಟ್ಟು, "ವಾಸಿ ಆದಂಗ ಕಂಡರೂ ಎಲ್ಲಾ ಮುಗಿಸು" ಎಂದಿದ್ದರು. ಬಾವು ಇಳಿದೂ ಇತ್ತು. ಈಗ ನೋಡಿದರೆ ಕಾಲು ಮತ್ತೆ ಕುಂಬಳಕಾಯಿ! ಹಿಂಡು ಹೊರಡುವ ಹೊತ್ತಿಗೆ ಯಜಮಾನ ಮಂಚ ಹಿಡಿದಿದ್ದಾನೆ. ಅತ್ತ ಬೀರಪ್ಪ ದೇವರಿಗೆ ಹರಕೆ ಬಿಟ್ಟ ಟಗರೂ ಮೇವು ಮುಟ್ಟುತ್ತಿಲ್ಲ.

ದಾವಣಗೆರೆಯಲ್ಲಿ ಬಯೋಟೆಕ್ನಾಲಜಿ ಓದಿದ ಸೊಸೆ ಮೇಘಾಳಿಗೆ ಗುಮಾನಿ ಬಂತು.

"ಮಾವಾರ, ಗುಳಿಗಿ ಎಲ್ಲಾ ತಗೊಂಡ್ರಿ?"

"ತಗೊಂಡೀವಿ."

"ತಗೊಂಡೀವಿ ಅಂದ್ರ? ಮತ್ತ್ಯಾರು?"

ಅತ್ತೆ ಪಕ್ಕೀರಮ್ಮ ಗುಟ್ಟು ಬಿಟ್ಟಳು. "ದೇವರ ಟಗರಿಗೆ ಕೊಡದಂಗ ನಿಮ್ಮ ಮಾವ ಏನ್ ತಿಂತಾನವ್ವ? ಗುಳಿಗೀನೂ ತನಗೊಂದು ಹೊತ್ತು, ಅದಕ್ಕೊಂದು ಹೊತ್ತು!"

"ಚಿಟಿಕಿ ಗುಳಿಗಿಗೆ ಇಷ್ಟು ರಂಪ ಯಾಕ?" ಎಂದ ಅಜ್ಜಯ್ಯ.

"ಚಿಟಿಕಿ ಅನ್ನಬ್ಯಾಡ್ರಿ. ಇದರ ಮೂಲವಸ್ತು ಒಂದು ಜಾತಿ ಬೂಷ್ಟಿನಾಗ ಹುಟ್ಟತೈತಿ. ಅದರ ಅಣುವಿಗೊಂದು ಬಾಲ. ನಮ್ಮ ಮೈಯಾಗಿನ ಪ್ರೋಟೀನಿನ ತುಣುಕು ಎಡಗಾಲಿನ ಮೆಟ್ಟು ಅನ್ಕೊಳ್ರಿ, ಆ ಬಾಲನೂ ಅಂಥದ್ದ ತುಣುಕು, ಆದ್ರ ಬಲಗಾಲಿಂದು. ಎಡದ್ದು ಮುಟ್ಟದಂಗ ಬಲದ್ದನ್ನಷ್ಟ ಹುಡುಕಿ ಸಡಿಲ ಮಾಡೋ ಕಿಣ್ವ ಐತಿ. ಇನ್ನೊಂದು ಕಿಣ್ವ ಬಾಲ ಕತ್ತರಿಸ್ತೈತಿ. ಹೊಸ ಬಾಲ ಹಚ್ಚಿದ್ರ ನಿಮ್ಮ ಗುಳಿಗಿ! ಮೊದಲು ಈ ಕೆಲಸಕ್ಕ ಘಾಟು ರಾಸಾಯನಿಕ ಸುರೀತಿದ್ರು. ಈಗ ಕಿಣ್ವ ಬರೇ ನೀರಾಗ ಮಾಡ್ತೈತಿ."

"ಎಡ-ಬಲ ಗೊತ್ತಾಗತೈತಾ ಅದಕ್ಕ? ನಾನು ಅವಸರದಾಗ ಪಕ್ಕೀರಮ್ಮನ ಮೆಟ್ಟು ಹಾಕ್ಕೊಂಡು ಹೋಗ್ತೀನಿ!"

"ಅಷ್ಟು ಹೆಣಗಿ ಮಾಡಿದ್ದನ್ನ ನೀವು ಅರ್ಧ ನುಂಗಿದ್ರಿ. ಸಾಯದ ಗಟ್ಟಿ ರೋಗಾಣು ಕಾಲಾಗ ಮರಿ ಹಾಕ್ಯಾವ. ಟಗರಿನ ಹೊಟ್ಟ್ಯಾಗ ಮೇವು ಕರಗಿಸೋ ಒಳ್ಳೆ ಜೀವಾಣು ಸತ್ತಾವ."

"ನಾನು ತಿಂದು ಅದನ್ನ ಉಪವಾಸ ಕೆಡವಿದ್ರ ಬೀರಪ್ಪ ಸುಮ್ನಿರ್ತಾನ?"

"ಈಗ ಅದನ್ನ ಉಪವಾಸ ಕೆಡವಿದವರು ಯಾರು?" ಎಂದಳು ಪಕ್ಕೀರಮ್ಮ.

ಟಗರಿನ ಒಣಗಿದ ಮೂತಿ ನೋಡಿ ಅಜ್ಜಯ್ಯನಿಗೆ ನಿಜಕ್ಕೂ ಸಂಕಟವಾಯಿತು. ಅಂದೇ ಅವನು ಆಸ್ಪತ್ರೆಗೆ, ಟಗರು ಪಶು ಆಸ್ಪತ್ರೆಗೆ. ಇಬ್ಬರಿಗೂ ಬೇರೆ ಬೇರೆ ಮದ್ದು. ಅಜ್ಜಯ್ಯ ಬೈಗುಳವನ್ನೂ ಪೂರ್ತಿ ತಿಂದ, ಗುಳಿಗೆಯನ್ನೂ. ಕಾಲು ಇಳಿಯಿತು, ಟಗರು ಮೆಲುಕು ಹಾಕಿತು.

ಓದುತ್ತಿರುವ ಅಕ್ಕ-ಅಣ್ಣಂದಿರೇ, ಡಾಕ್ಟರು ಬರೆದ ಆ್ಯಂಟಿಬಯೋಟಿಕ್ ಗುಳಿಗೆಯನ್ನು ನಡುವೆ ಬಿಡಬೇಡಿ, ಉಳಿಸಿಡಬೇಡಿ, ಮನುಷ್ಯರಿಗಾಗಲಿ ದನ-ಕುರಿಗಾಗಲಿ ಪಾಲು ಕೊಡಬೇಡಿ. ಪ್ರೀತಿ ಉಕ್ಕಿ ಬಂದರೆ ರೊಟ್ಟಿ ಹಂಚಿ.