ಮೂರು ನಿಮಿಷದ ಚಿಕ್ಕಮ್ಮ

"ಚಿಕ್ಕಮ್ಮ, ನಿನ್ನ ಕೆಲಸ ಹೋಗುತ್ತಂತೆ. ಇನ್ಮೇಲೆ ಈ ಆಸ್ಪತ್ರೆಗೆ ಒಬ್ಬರೇ ನರ್ಸ್ ಸಾಕಂತೆ."

ಬಸ್‌ಸ್ಟಾಪಿಂದ ಓಡಿ ಬಂದಿದ್ದೆ, ಉಸಿರೇ ನಿಲ್ತಿರ್ಲಿಲ್ಲ. ಚಿಕ್ಕಮ್ಮ ಸ್ಟೂಲ್ ಮೇಲೆ ಕೂತು ಒಬ್ಬ ಅಜ್ಜಿಯ ಕಾಲನ್ನ ತೊಡೆ ಮೇಲೆ ಇಟ್ಕೊಂಡಿದ್ಲು. ತಲೆ ಎತ್ತಲೇ ಇಲ್ಲ.

"ಯಾರು ಹೇಳಿದ್ದು?"

"ಆಫೀಸಿನ ಕಂಪ್ಯೂಟರ್."

"ಅದಕ್ಕೆ ನನ್ನ ಕಂಡ್ರೆ ಯಾಕಂತೆ ಹೊಟ್ಟೆಕಿಚ್ಚು?"

ನಗೋ ವಿಷಯ ಆಗಿರ್ಲಿಲ್ಲ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡೋ ಯೋಜನೆ ಶುರುವಾಗ್ತಿದೆ. ಯಾವ ಆಸ್ಪತ್ರೆಗೆ ಎಷ್ಟು ಖರ್ಚು, ಎಷ್ಟು ಜನ ಬೇಕು ಅಂತ ಮೊದಲೇ ಲೆಕ್ಕ ಹಾಕ್ಬೇಕಲ್ಲ, ಅದಕ್ಕೆ ನಮ್ಮ ಕಾಲೇಜಿನವರನ್ನ ಒಂದೊಂದು ಕಡೆ ಕಳಿಸಿದ್ರು. ರೋಗಿ ಬಂದು ಕೂತಾಗ ಮೊಬೈಲಲ್ಲಿ ಒಂದ್ಸಲ ಒತ್ತೋದು, ಎದ್ದಾಗ ಇನ್ನೊಂದ್ಸಲ. ಅಷ್ಟೇ ಕೆಲಸ. ನನಗೆ ಸಿಕ್ಕಿದ್ದು ಚಿಕ್ಕಮ್ಮನ ಆಸ್ಪತ್ರೆ. ಒಂದು ವಾರ ಅವಳ ಹಿಂದೇನೇ ಸುತ್ತಿ ಒತ್ತಿದ್ದೇ ಒತ್ತಿದ್ದು.

ಇವತ್ತು ಯೋಜನೆ ಆಫೀಸಲ್ಲಿ ನೋಡಿದ್ರೆ ಬೇರೆ ಕಡೆ ಒಬ್ಬ ರೋಗಿಗೆ ಹತ್ತು ನಿಮಿಷ, ಇಲ್ಲಿ ಮೂರು. ಒಬ್ಬರು ಸಾಕು ಅಂತು ಕಂಪ್ಯೂಟರ್. ಇನ್ನೊಬ್ಬ ನರ್ಸ್ ಹಿರಿಯರು, ಹಾಗಾಗಿ ಹೋಗೋದು ಚಿಕ್ಕಮ್ಮ. ಸಂಜೆ ಐದಕ್ಕೆ ಅಲ್ಲಿನ ಮೇಡಂ ಲೆಕ್ಕಾನೆಲ್ಲ ಲಾಕ್ ಮಾಡ್ತಾರೆ, ಆಮೇಲೆ ಒಂದಂಕಿನೂ ಬದಲಾಗಲ್ಲ.

"ಮೂರೇ ನಿಮಿಷನಾ?" ಚಿಕ್ಕಮ್ಮನ ಮುಖ ಅರಳ್ತು. "ಎಲ್ಲರಿಗಿಂತ ನಾನೇ ಫಸ್ಟಾ?"

"ಅದೇ ಕಣೆ ಎಡವಟ್ಟು."

ಅಷ್ಟರಲ್ಲಿ ನನ್ನ ಕಣ್ಣು ಅವಳ ಕೈ ಮೇಲೆ ಬಿತ್ತು. ಅಜ್ಜಿಗೆ ಸಕ್ಕರೆ ಕಾಯಿಲೆ. ಕಾಲಿನ ಒಂದೊಂದು ಬೆರಳು ಬಿಡಿಸಿ, ಸಂದಿಯಲ್ಲಿ ಗಾಯ ಇದ್ಯಾ ಅಂತ ನೋಡ್ತಿದ್ಲು. ಆ ವಾರ ಒಂದ್ಸಲಾನೂ ಇದನ್ನ ನೋಡಿರ್ಲಿಲ್ಲ.

"ಚಿಕ್ಕಮ್ಮ, ನಾನಿದ್ದಾಗ ಯಾರ ಕಾಲನ್ನೂ ನೋಡ್ಲಿಲ್ವಲ್ಲ ನೀನು?"

"ಸಂಜೆ ಬನ್ನಿ ಅಂತ ಕಳಿಸ್ತಿದ್ದೆ. ನೀನು ಹೋದ್ಮೇಲೆ ಕೂತು ಎಲ್ಲಾ ಮುಗಿಸ್ತಿದ್ದೆ."

"ಯಾಕೆ?"

"ನಿಮ್ಮಮ್ಮ ಫೋನ್ ಮಾಡಿದ್ಲು, ಇದು ನಿನ್ನ ಮಾರ್ಕ್ಸಿನ ವಿಷಯ, ಸ್ವಲ್ಪ ಚುರುಕಾಗಿ ಮಾಡಿ ಮಗೂಗೆ ಒಳ್ಳೆ ಹೆಸರು ತಂದ್ಕೊಡು ಅಂತ."

ಗೋಡೆ ಗಡಿಯಾರದಲ್ಲಿ ಐದಾಗೋಕೆ ಹತ್ತು ನಿಮಿಷ.

"ಈಗ್ಲೇ ಮೇಡಂಗೆ ಹೇಳು."

"ನಾಟಕ ಆಡಿದೆ ಅಂತ ನನ್ನ ಬಾಯಲ್ಲೇ ಹೇಳ್ಲಾ? ಇನ್ನೊಂದು ಕಡೆನೂ ಕೆಲಸ ಸಿಗಲ್ಲ ಆಮೇಲೆ."

"ಹೇಳ್ದಿದ್ರೆ?" ಅಜ್ಜಿ ಕಾಲು ಹಿಂದಕ್ಕೆ ಎಳ್ಕೊಂಡ್ಲು. "ಮೂರು ನಿಮಿಷ ಅಂದ್ರೆ ಯಾವ ಬೆರಳು ನೋಡ್ತೀರವ್ವ, ಹೆಬ್ಬೆರಳೋ ಕಿರುಬೆರಳೋ?"

ನಾನು ಕಾಯ್ಲಿಲ್ಲ, ಮೇಡಂ ನಂಬರ್ ಒತ್ತಿದೆ. ರಿಂಗ್ ಆಗ್ತಾನೇ ಇದೆ. ಎತ್ತಲ್ಲ. ಕಟ್ ಆಯ್ತು. ಮತ್ತೆ ಒತ್ತಿದೆ.

"ಲಾಕ್ ಮಾಡೋ ಹೊತ್ತಲ್ಲಿ ಏನಮ್ಮ ನಿಂದು?"

ನಾನು ಬಾಯಿ ತೆಗೆಯೋದ್ರೊಳಗೆ ಚಿಕ್ಕಮ್ಮ ಕೈಗವಸು ಕಿತ್ತು ಫೋನ್ ಕಸ್ಕೊಂಡ್ಲು.

"ಮೇಡಂ, ನಾನು ಅವಳ ಚಿಕ್ಕಮ್ಮ, ನರ್ಸು. ಆ ವಾರ ನಾನು ಕೆಲಸ ಮಾಡ್ಲಿಲ್ಲ, ಓಡಿದೆ. ಅರ್ಧ ಕೆಲಸಾನ ಸಂಜೆಗೆ ತಳ್ಳಿದ್ದೆ. ಅದು ನಿಮ್ಮ ಲೆಕ್ಕಕ್ಕೆ ಬಂದಿಲ್ಲ."

ಅಜ್ಜಿನೂ ಕುತ್ತಿಗೆ ಚಾಚಿ ಕೇಳಿಸ್ಕೊಳ್ತಿದ್ಲು.

"ಬಾಯಿಮಾತಿಗೆ ನಾನು ಅಂಕಿ ತಿದ್ದಕ್ಕಾಗಲ್ಲ, ಸಿಸ್ಟರ್," ಅಂದ್ರು ಮೇಡಂ. "ಕೆಲಸ ಹೋಗುತ್ತೆ ಅಂತ ಗೊತ್ತಾದ್ಮೇಲೆ ಎಲ್ಲರೂ ಹೀಗೇ ಹೇಳ್ತಾರೆ."

"ಹಾಗಾದ್ರೆ ಬಂದು ನೋಡಿ."

ಗಡಿಯಾರದ ಮುಳ್ಳು ಐದರ ಹತ್ರ.

"ನಿಮ್ಮದೊಂದನ್ನ ಮಾತ್ರ ಲಾಕ್ ಮಾಡದೆ ಬಿಡ್ತೀನಿ, ಒಂದೇ ದಿನ. ನಾನೇ ಬಂದು ಕೂರ್ತೀನಿ. ಬೇಕಂತ ಎಳೆದಾಡಿದ್ರೆ ನಂಗೆ ಗೊತ್ತಾಗುತ್ತೆ, ನೆನಪಿರ್ಲಿ. ಎಷ್ಟೊತ್ತಿಗೆ ಬಾಗಿಲು ತೆಗೀತೀರಿ?"

"ಎಂಟೂವರೆಗೆ."

"ಎಂಟೂವರೆಗೆ ಅಲ್ಲಿರ್ತೀನಿ."

ಚಿಕ್ಕಮ್ಮ ಫೋನ್ ನನ್ನ ಕೈಗಿಟ್ಟು ಮತ್ತೆ ಸ್ಟೂಲ್ ಮೇಲೆ ಕೂತ್ಲು. ಅಜ್ಜಿಯ ಕಾಲನ್ನ ತೊಡೆ ಮೇಲೆ ಎಳ್ಕೊಂಡ್ಲು.

"ನಾಳೆ ನಾನೂ ಬರ್ತೀನಿ, ನಿನ್ನ ಜೊತೆ ಇರ್ತೀನಿ," ಅಂದೆ.

"ಕಾಲೇಜಿಗೆ ಹೋಗು, ಮಾರಾಯ್ತಿ. ನೀನಿದ್ರೆ ನಾನು ಮತ್ತೆ ಓಡ್ತೀನಿ."