ಉದ್ಯಾನಕ್ಕೆ ತಕ್ಕ ಜಾಗ

ಪುರಸಭೆಯ ಯೋಜನಾಧಿಕಾರಿಗೆ ಊರಿನ ಬಿಲ್ಡರುಗಳೆಲ್ಲ ಸೇರಿ ‘ಟೇಪಮ್ಮ’ ಎಂದು ಹೆಸರಿಟ್ಟಿದ್ದರು. ನಕ್ಷೆಯಲ್ಲಿ ಬರೆದದ್ದನ್ನು ನಂಬುವ ಜಾಯಮಾನ ಅವಳದಲ್ಲ. ಅಳತೆ ಟೇಪನ್ನು ಚೀಲಕ್ಕೆ ಹಾಕಿಕೊಂಡು ಜಾಗಕ್ಕೇ ಹೋಗಿ, ಒಂದು ತುದಿಯನ್ನು ಬಿಲ್ಡರನ ಕೈಗೇ ಕೊಟ್ಟು, ಇನ್ನೊಂದನ್ನು ಹಿಡಿದು ಮುಳ್ಳುಕಂಟಿಯೊಳಗೆ ತಾನೇ ನುಗ್ಗುತ್ತಿದ್ದಳು.

ಹೊಸ ಬಡಾವಣೆ ಮಾಡುವವರು ಒಟ್ಟು ಜಮೀನಿನ ಹತ್ತರಲ್ಲೊಂದು ಪಾಲನ್ನು ಉದ್ಯಾನಕ್ಕೆಂದು ಪುರಸಭೆಗೆ ಬಿಟ್ಟುಕೊಡಬೇಕು ಎಂಬುದು ನಿಯಮ. ಎಂಥ ಜಾಗವನ್ನು ಬಿಡಬೇಕು ಎಂದು ನಿಯಮ ಬಾಯಿಬಿಡುವುದಿಲ್ಲ. ಹಾಗಾಗಿ ಊರಿನ ಉದ್ಯಾನಗಳೆಲ್ಲ ದೊಡ್ಡ ಚರಂಡಿಯ ಪಕ್ಕದಲ್ಲೋ ವಿದ್ಯುತ್ ತಂತಿಯ ಕೆಳಗೋ ಬಾಲದ ಹಾಗೆ ಉದ್ದಕ್ಕೆ ಬಿದ್ದುಕೊಂಡಿದ್ದವು. ಟೇಪಮ್ಮ ಬಂದ ಮೇಲೆ ಈ ಆಟ ನಡೆಯದಾಯಿತು.

ಊರಾಚೆ ಬಡಾವಣೆ ಹಾಕಲು ಬಂದ ಬಿಲ್ಡರ್ ಉದ್ಯಾನಕ್ಕೆಂದು ತೋರಿಸಿದ್ದು ಜಮೀನಿನ ಮೂಲೆಯಲ್ಲಿದ್ದ ದೊಡ್ಡ ಬಂಡೆಯನ್ನು.

“ಮೇಡಂ, ಇದರ ಮೇಲೆ ನಿಂತ್ರೆ ಇಡೀ ಊರು ಕಾಣುತ್ತೆ,” ಎಂದ.

“ಮಕ್ಕಳು ಉರುಳಿದ್ರೆ ಆಸ್ಪತ್ರೆನೂ ಕಾಣುತ್ತೆ. ಮಧ್ಯದಲ್ಲಿರೋ ಆ ಸಮತಟ್ಟು ಜಾಗ ಬಿಡಿ.”

“ಅದು ಚಿನ್ನದಂಥ ನೆಲ ಮೇಡಂ!”

“ಅದಕ್ಕೇ ಕೇಳಿದ್ದು.”

ಕಚೇರಿಗೆ ಬಂದು ಅವಳು ಕಡತದಲ್ಲಿ ಬರೆದಳು: ‘ಸದರಿ ಬಂಡೆಯು ಮಕ್ಕಳ ಆಟಕ್ಕಾಗಲಿ ಹಿರಿಯರ ವಿಶ್ರಾಂತಿಗಾಗಲಿ ಯಾವ ರೀತಿಯಲ್ಲೂ ತಕ್ಕುದಲ್ಲ.’ ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡಳು. ಒಳ್ಳೆಯ ವಾಕ್ಯ ಅನ್ನಿಸಿತು.

ಬಿಲ್ಡರ್ ಹಲ್ಲು ಕಡಿದುಕೊಂಡೇ ಮಧ್ಯದ ಜಾಗವನ್ನು ಬಿಟ್ಟುಕೊಟ್ಟ. ಆದರೆ ಅದರ ಸುತ್ತಲಿನ ನಿವೇಶನಗಳಿಗೆ ‘ಪಾರ್ಕಿನ ಎದುರು ಮನೆ’ ಎಂದು ಬೋರ್ಡು ಹಾಕಿದ್ದೇ ತಡ, ಜನ ನಾ ಮುಂದು ತಾ ಮುಂದು ಎಂದು ಮುಗಿಬಿದ್ದರು. ಅವನು ಬಾಯಿಗೆ ಬಂದ ಬೆಲೆ ಹೇಳಿದ, ಅವರು ಕೊಟ್ಟರು. ಅಂದಿನಿಂದ ಬಿಲ್ಡರನಿಗೆ ಟೇಪಮ್ಮನ ಮೇಲೆ ಎಲ್ಲಿಲ್ಲದ ಗೌರವ. “ನೀವು ಇನ್ನೂ ಸ್ವಲ್ಪ ಹಟ ಮಾಡ್ಬೇಕಿತ್ತು ಮೇಡಂ, ಇನ್ನೊಂದು ಪಾರ್ಕ್ ಬಿಡ್ತಿದ್ದೆ,” ಎಂದು ಸಿಕ್ಕಲ್ಲೆಲ್ಲ ಕೈಮುಗಿಯುತ್ತಿದ್ದ. ಅವನಿಗೆ ಪಾಠ ಕಲಿಸಿದೆ ಎಂದುಕೊಂಡಿದ್ದ ಅವಳಿಗೆ ಆ ನಮಸ್ಕಾರ ನುಂಗಲಾರದ ತುತ್ತಾಗಿತ್ತು.

ಹಾಗೆ ಮುಗಿಬಿದ್ದವರಲ್ಲಿ ಅವಳ ಭಾವನೂ ಒಬ್ಬರು. ಕಾಲೇಜಿನಲ್ಲಿ ಪಾಠ ಹೇಳುವ ಅವರಿಗೆ ಎಲ್ಲೆಲ್ಲೂ ಶಿಸ್ತು ಬೇಕು. ನಿವಾಸಿಗಳ ಸಂಘ ಹುಟ್ಟಿದ ದಿನವೇ ಅದರ ಅಧ್ಯಕ್ಷರಾದರು. ಪುರಸಭೆ ಉದ್ಯಾನವನ್ನು ನೋಡಿಕೊಳ್ಳುವ ಕೆಲಸವನ್ನು ಆ ಸಂಘಕ್ಕೇ ಒಪ್ಪಿಸಿ ಕೈತೊಳೆದುಕೊಂಡಿತು.

ಒಂದು ರಜೆಯ ದಿನ ಟೇಪಮ್ಮ ಅಕ್ಕನ ಮನೆಗೆ ಹೋದಳು. ತಾನು ಗೆದ್ದುಕೊಟ್ಟ ಉದ್ಯಾನದಲ್ಲಿ ಮಕ್ಕಳು ಕುಣಿಯುವುದನ್ನು ಕಣ್ತುಂಬ ನೋಡಬೇಕೆಂಬ ಆಸೆ ಅವಳಿಗಿತ್ತು. ಭಾವನೇ ಕರೆದುಕೊಂಡು ಹೋದರು. ಅಲ್ಲಿ ನೋಡಿದರೆ ಪೈಪು ಹಿಡಿದು ನೀರು ಬಿಡುತ್ತಿದ್ದ ಮಾಲಿಯನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಬೇಲಿಯ ಉದ್ದಕ್ಕೂ ಬೋರ್ಡುಗಳು: ಚೆಂಡಾಟ ಇಲ್ಲ, ಸೈಕಲ್ ಇಲ್ಲ, ಓಡುವಂತಿಲ್ಲ, ಕೂಗುವಂತಿಲ್ಲ.

“ಮಕ್ಕಳೆಲ್ಲಿ ಭಾವ?”

“ಇಲ್ಲ. ಅದಕ್ಕೇ ಹುಲ್ಲು ಹೀಗಿದೆ. ನೋಡಮ್ಮ, ರತ್ನಗಂಬಳಿ ಹಾಸಿದ ಹಾಗಿಲ್ವಾ?”

“ಸ್ವಲ್ಪ ಹೊತ್ತು ಕೂತ್ಕೊಳ್ಳೋಣ್ವಾ?”

“ಹುಲ್ಲಿನ ಮೇಲಾ?” ಭಾವ ಗಾಬರಿಯಾದರು. ಊಟದ ತಟ್ಟೆಯ ಮೇಲೆ ಕೂರುತ್ತೇನೆ ಎಂದಿದ್ದರೂ ಅವರು ಅಷ್ಟು ಗಾಬರಿಯಾಗುತ್ತಿರಲಿಲ್ಲವೇನೋ.

ಅಷ್ಟರಲ್ಲಿ ಮನೆಗಳ ಹಿಂದಿನಿಂದ ಹೋ ಎಂಬ ಗದ್ದಲ ಕೇಳಿಸಿತು. ಅವಳು ಭಾವನನ್ನು ಅಲ್ಲೇ ಬಿಟ್ಟು ಅದರ ಜಾಡು ಹಿಡಿದು ಹೋದರೆ, ಬಡಾವಣೆಯ ಮಕ್ಕಳೆಲ್ಲ ಬಂಡೆಯ ಮೇಲಿದ್ದರು. ಒಂದು ಬದಿಯಲ್ಲಿ ಕಲ್ಲು ನುಣುಪಾಗಿ ಇಳಿಜಾರಾಗಿತ್ತು. ರಟ್ಟಿನ ಚೂರುಗಳ ಮೇಲೆ ಕೂತು ಒಬ್ಬರ ಹಿಂದೆ ಒಬ್ಬರು ಜಾರಿ ಕೆಳಗಿನ ಮರಳಿಗೆ ಬೀಳುತ್ತಿದ್ದರು. ತುದಿಯಲ್ಲಿ ನಿಂತವಳು ಅಕ್ಕನ ಮಗಳು. ಒಂದೆಡೆ ಕಾಲು ನಿಲ್ಲದ ಹುಡುಗಿ. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದುದೇ ಮಿಡತೆ ಎಂದು.

“ಚಿಕ್ಕಮ್ಮಾ, ಮೇಲೆ ಬಾ! ಭಯ ಆದ್ರೆ ಕಣ್ಣು ಮುಚ್ಕೋ, ಕಲ್ಲೇ ಇಳಿಸುತ್ತೆ!”

ಚಿಕ್ಕಮ್ಮ ಅತ್ತಿತ್ತ ನೋಡಿದಳು. ಭಾವ ಕಾಣಿಸಲಿಲ್ಲ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹತ್ತಿದಳು, ರಟ್ಟಿನ ಮೇಲೆ ಕೂತಳು, ಕಣ್ಣು ಮುಚ್ಚಿದಳು. ಬಾಯಿಂದ ಹೊರಟ ಕೂಗು ತನ್ನದೇ ಎಂದು ಅವಳಿಗೆ ಗೊತ್ತಾದದ್ದು ಮರಳಿಗೆ ಬಿದ್ದ ಮೇಲೆ. ಕಣ್ಣು ಬಿಟ್ಟರೆ ಎದುರಿಗೆ ಎರಡು ಹೊಳೆಯುವ ಬೂಟು. ಬೂಟಿನ ಮೇಲೆ ಬಿಲ್ಡರ್.

“ನಾಳೆ ನಿಮ್ಮ ಕಚೇರಿಗೇ ಬರೋನಿದ್ದೆ ಮೇಡಂ,” ಎಂದ ಅವನು, ಏನೂ ಕಾಣದವನಂತೆ. “ಈ ಬಂಡೆ ಒಡೆಸಿ ಫ್ಲ್ಯಾಟ್ ಕಟ್ಟಿಸ್ತೀನಿ. ನೀವೇ ಬರ್ದಿದ್ದೀರಲ್ಲ, ಇದು ಆಟಕ್ಕೆ ತಕ್ಕದ್ದಲ್ಲ ಅಂತ.”

ಅವಳು ಮೈಮೇಲಿನ ಮರಳು ಕೊಡವಿಕೊಂಡು ಎದ್ದಳು.

ಫ್ಲ್ಯಾಟಾದರೂ ನಿಯಮ ನಿಯಮವೇ; ಅದರಲ್ಲೂ ಹತ್ತರಲ್ಲೊಂದು ಪಾಲು ಬಿಡಬೇಕು. ಮರುದಿನ ಕಚೇರಿಗೆ ಬಂದ ಬಿಲ್ಡರ್ ಈ ಸಲ ಹೇಳಿಸಿಕೊಳ್ಳುವ ಮೊದಲೇ ಬಂಡೆಯ ಬುಡದ ಸಮತಟ್ಟು ನೆಲವನ್ನು ಹಸಿರು ಬಣ್ಣದಲ್ಲಿ ಗುರುತು ಮಾಡಿ ತಂದಿದ್ದ. ಟೇಪಮ್ಮ ನಕ್ಷೆಯನ್ನು ಹಿಂದಕ್ಕೆ ತಳ್ಳಿದಳು.

“ಇದು ಬೇಡ. ಆ ಜಾರೋ ಭಾಗ ಬಿಡಿ.”

ಬಿಲ್ಡರ್ ಕುರ್ಚಿಯಿಂದ ಅರ್ಧ ಎದ್ದ. “ಹೋದ ಸಲ ಬಂಡೆ ಕೊಟ್ರೆ ನೆಲ ಬೇಕು ಅಂದ್ರಿ. ಈ ಸಲ ನೆಲ ಕೊಟ್ರೆ ಬಂಡೆ ಬೇಕು ಅಂತೀರಿ! ನಿಮ್ಮ ಜೊತೆ ಕಣ್ಣಾಮುಚ್ಚಾಲೆ ಆಡೋಕೆ ಬಂದಿದೀನಾ ನಾನು?”

“ಆಡಿದ್ರೆ ನಿಮಗೂ ಅರ್ಥ ಆಗ್ತಿತ್ತು.”

ಅವನು ಹೊರಗೆ ಹೋಗಿ ತನ್ನ ಎಂಜಿನಿಯರಿಗೆ ಫೋನು ಮಾಡಿದ. ಇಡೀ ಬಂಡೆಯಲ್ಲಿ ಒಡೆಯಲು ಕಷ್ಟವಾದದ್ದು ಆ ಭಾಗವೇ ಎಂದು ತಿಳಿಯಿತು. ಒಳಗೆ ಬಂದವನ ಮುಖದಲ್ಲಿ ಆ ಹಳೆಯ ಗೌರವ ಮತ್ತೆ ತುಂಬಿಕೊಂಡಿತ್ತು. “ನಿಮ್ಮ ಮಾತು ಯಾವತ್ತು ಮೀರಿದೀನಿ ಮೇಡಂ?”

ಬಿಲ್ಡರ್ ಒಪ್ಪಿದ, ಅಡ್ಡ ಬಂದದ್ದು ಅವಳದೇ ವಾಕ್ಯ. ಕಡತದಲ್ಲಿ ಅದು ಕಲ್ಲಿನಂತೆ ಕೂತಿತ್ತು. ಬಹಳ ಹೊತ್ತು ಪೆನ್ನು ಕಚ್ಚಿ ಕೊನೆಗೆ ಬರೆದಳು: ‘ಹಿಂದಿನ ಟಿಪ್ಪಣಿಯು ಸ್ಥಳವನ್ನು ಸರಿಯಾಗಿ ಪರಿಶೀಲಿಸದೆ ಬರೆದದ್ದೆಂದು ಕಂಡುಬರುತ್ತದೆ.’

ಮುಖ್ಯಾಧಿಕಾರಿ ಓದಿ ಮುಖ ಗಂಟಿಕ್ಕಿದರು. “ಯಾರ್ರೀ ಅದು, ಇಷ್ಟು ಬೇಜವಾಬ್ದಾರಿಯಿಂದ ಬರೆದೋರು?”

“ಇದ್ರು ಸರ್, ಒಬ್ಬರು.”

“ಇಂಥೋರಿಂದಲೇ ಊರು ಹಾಳಾಗೋದು,” ಎಂದು ಅವರು ಸಹಿ ಹಾಕಿದರು. ಅವಳು ಹೌದು ಸರ್ ಎಂದಳು.

ಬಂಡೆಯ ಆ ಭಾಗ ಉದ್ಯಾನವಾಯಿತು. ಉದ್ಯಾನವಾದ ಮೇಲೆ ಅದು ಪುರಸಭೆಯ ತೋಟ ವಿಭಾಗದ ಸುಪರ್ದಿಗೆ ಬಂತು. ವಿಭಾಗದ ಮುಖ್ಯಸ್ಥ ಒಂದು ಯೋಜನೆ ತಯಾರಿಸಿದ: ಕಲ್ಲು ಒಡೆಯುವ ಯಂತ್ರ ತರಿಸಿ ಬಂಡೆಯನ್ನು ಮಟ್ಟ ಮಾಡುವುದು, ಮಣ್ಣು ತುಂಬುವುದು, ಹುಲ್ಲು ಹಾಕುವುದು. ಟೇಪಮ್ಮ ಎದ್ದೆನೋ ಬಿದ್ದೆನೋ ಎಂದು ಅವನ ಕೋಣೆಗೆ ಓಡಿದಳು.

“ಬಂಡೆ ಇದ್ದ ಹಾಗೇ ಇರ್ಲಿ ಬಿಡ್ರೀ!”

“ಇದ್ದ ಹಾಗೇ ಇದ್ರೆ ನಾವು ಕೆಲಸ ಮಾಡಿದೀವಿ ಅಂತ ಹೇಗೆ ತೋರಿಸ್ಲಿ? ನಮ್ಮಲ್ಲಿ ಇರೋದು ಎರಡೇ ನಮೂನೆ ಮೇಡಂ. ಒಂದು ಹುಲ್ಲಿನ ಉದ್ಯಾನ, ಇನ್ನೊಂದು ಶಿಲೋದ್ಯಾನ.”

“ಶಿಲೋದ್ಯಾನ ಅಂದ್ರೆ ಕಲ್ಲಿನದ್ದು ತಾನೇ? ಅದನ್ನೇ ಬರ್ಕೊಳ್ಳಿ ಮಾರಾಯರೇ.”

ಅವನು ತಲೆ ಕೆರೆದುಕೊಂಡು ಬರೆದುಕೊಂಡ. ಅವಳು ನಿಟ್ಟುಸಿರುಬಿಟ್ಟಳು.

ಕೆಲವು ವಾರಗಳ ಮೇಲೆ ಭಾವನ ಫೋನು ಬಂತು. “ಏನಮ್ಮ ಇದು? ನಿಮ್ಮೋರಿಗೆ ತಲೆ ಸರಿ ಇದ್ಯಾ? ಲಾರೀಲಿ ಕಲ್ಲು ತಂದು ಬಂಡೆ ಮೇಲೆ ಹಾಕ್ತಿದಾರೆ!”

ಹೋಗಿ ನೋಡಿದರೆ ಮಾತು ಸುಳ್ಳಲ್ಲ. ಎಲ್ಲಿಯದೋ ಗುಡ್ಡದಿಂದ ಬಂದ ಚಂದದ ಕಲ್ಲುಗಳನ್ನು ಕೂಲಿಯಾಳುಗಳು ಬೆವರು ಸುರಿಸುತ್ತ ಮೇಲೆ ಹೊರುತ್ತಿದ್ದರು. ತೋಟ ವಿಭಾಗದ ಮುಖ್ಯಸ್ಥ ಹೆಮ್ಮೆಯಿಂದ ಕಾಗದ ಮುಂದೆ ಹಿಡಿದ. “ಶಿಲೋದ್ಯಾನಕ್ಕೆ ಶಿಲೆ ಸರಬರಾಜಾಗಿದೆ ಅಂತ ನಿಮ್ಮದೊಂದು ಸಹಿ ಬೇಕು.” ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಜಾರುವ ಬದಿಗೆ ಯಾರೂ ಕೈ ಹಾಕಿರಲಿಲ್ಲ. ಮಕ್ಕಳು ಅಲ್ಲಿ ಎಂದಿನಂತೆ ಬೊಬ್ಬೆ ಹೊಡೆಯುತ್ತಿದ್ದರು. ಅವಳು ಸಹಿ ಹಾಕಿದಳು.

ಸಂಜೆಯಾದರೂ ಮಿಡತೆ ಇಳಿದು ಬರಲಿಲ್ಲ. ಭಾವ ಕೆಳಗೆ ನಿಂತು ಹೋಂವರ್ಕು ಮಾಡು ಬಾ ಎಂದು ಕೂಗಿದರು, ಗದರಿಸಿದರು. ಮಗಳು ಕಿವಿಗೇ ಹಾಕಿಕೊಳ್ಳದಿದ್ದಾಗ ಬೈದುಕೊಳ್ಳುತ್ತ ತಾವೇ ಹತ್ತಿದರು. ನಾದಿನಿಯೂ ಹಿಂದೆಯೇ ಹೋದಳು. ಮೇಲೆ ತಲುಪುವಷ್ಟರಲ್ಲಿ ಅವರಿಗೆ ಏದುಸಿರು. ಹೊಸದಾಗಿ ತಂದಿಟ್ಟಿದ್ದ ಕಲ್ಲೊಂದರ ಮೇಲೆ ಧೊಪ್ಪನೆ ಕೂತು ಹಣೆ ಒರೆಸಿಕೊಂಡರು. ಮಗಳು ಒಮ್ಮೆ ಜಾರಿದಳು, ಮತ್ತೆ ಹತ್ತಿ ಬಂದಳು, ಮತ್ತೆ ಜಾರಿದಳು. ಹೋಂವರ್ಕಿನ ಮಾತು ಭಾವನ ಬಾಯಿಂದ ಬರಲೇ ಇಲ್ಲ. ತಂಗಾಳಿ ಬೀಸುತ್ತಿತ್ತು.

ಅವರು ತಾವು ಕೂತಿದ್ದ ಕಲ್ಲನ್ನು ತಟ್ಟಿ ನೋಡಿದರು.

“ಕೂರೋದಕ್ಕೆ ಒಳ್ಳೆ ಕಲ್ಲು ಹಾಕ್ಸಿದೀಯಮ್ಮ,” ಎಂದರು.